ಪ್ರಾಗಿನ ಗುರು ಕೊಟ್ಟ ಉತ್ತರ

ಈಗ ಹೇಳಿದರೂ ತಡವೇನಲ್ಲ ಎಂದು ಷೂ ಲೇಸು ಕಟ್ಟಿಕೊಳ್ಳಲು ಬಾಗಿದ್ದಾಗ ಮುರಿಗೆಪ್ಪನಿಗೆ ಅನಿಸಿತು. ಎದ್ದು ನಿಲ್ಲುವಷ್ಟರಲ್ಲಿ, ಹೇಳುವ ಹೊತ್ತು ಎರಡು ತಿಂಗಳ ಹಿಂದೆಯೇ ದಾಟಿಹೋಗಿದೆ, ಇನ್ನು ಹೇಳಿದರೆ ತನ್ನ ಭಾರವನ್ನು ಹುಡುಗನ ಬೆನ್ನಿಗೆ ದಾಟಿಸಿದಂತಾಗುತ್ತದೆ ಅಷ್ಟೇ ಎಂದೂ ಅನಿಸಿತು. ಎರಡೂ ಸರಿ ಎನ್ನುವಂತೆ ಯೋಚಿಸುವುದು ಅವನಿಗೆ ಮೊದಲಿನಿಂದಲೂ ಬರುತ್ತದೆ. ಬಾಗಿಲಲ್ಲಿ ಮಗ ಬಸವಕಿರಣ ಒಂದು ಸಣ್ಣ ಚೀಲ ಹಿಡಿದು ನಿಂತಿದ್ದ. ತರಬೇಕಾದ್ದರ ಪಟ್ಟಿ ಸೈನ್ಯದಿಂದ ಬಂದಿತ್ತು, ಅದರಲ್ಲಿದ್ದಷ್ಟನ್ನೇ ತುಂಬಿಕೊಂಡಿದ್ದ. ಹೆಂಡತಿ ಸುಪ್ರಿಯಾ ಅಡುಗೆಮನೆಯ ದೀಪ ಆರಿಸಿ, ಮತ್ತೆ ಹಾಕಿ, ಮತ್ತೆ ಆರಿಸಿದಳು. ಕಾರಿಡಾರಿನಲ್ಲಿ ಪಕ್ಕದ ಮನೆಯ ಚೀನೀ ಮುದುಕ ಗಿಡಗಳಿಗೆ ನೀರು ಹಾಕುತ್ತಿದ್ದವನು ಹುಡುಗನನ್ನು ನೋಡಿ, ಎಲ್ಲ ಅರ್ಥವಾದವನಂತೆ ಹೆಬ್ಬೆರಳು ಎತ್ತಿ ತೋರಿಸಿದ. ಹುಡುಗನೂ ಎತ್ತಿದ. ಲಿಫ್ಟಿನ ಕನ್ನಡಿಯಲ್ಲಿ ಮೂವರೂ ಕಂಡರು, ಯಾವುದೋ ಮದುವೆಗೆ ಹೊರಟವರಂತೆ. ಮಗನ ತಲೆಯಲ್ಲಿ ಕೂದಲು ದಟ್ಟವಾಗಿತ್ತು, ಎಡಕ್ಕೆ ಬಾಚಿದ್ದ. ಸಂಜೆಯ ಹೊತ್ತಿಗೆ ಅದು ಇರುವುದಿಲ್ಲ.

ಟ್ಯಾಕ್ಸಿ ಅವರಿದ್ದ ಬಿಶಾನ್ ಬಡಾವಣೆ ದಾಟುವ ಮೊದಲೇ ಬಾಗಲಕೋಟೆಯಿಂದ ಅವ್ವನ ಫೋನು ಬಂತು. ಗುರುಸಿದ್ದವ್ವ ಕಿರಿಯ ಮಗನ ಮನೆಯಲ್ಲಿರುತ್ತಾಳೆ, ಮೊಮ್ಮಗನ ಜೊತೆ ವಾರಕ್ಕೆ ಮೂರು ಸಲ ಮಾತಾಡುತ್ತಾಳೆ. ವಿಡಿಯೋದಲ್ಲಿ ಸ್ಲೇಟು ಹಿಡಿದು ಅವನಿಗೆ ಕನ್ನಡ ಅಕ್ಷರ ಕಲಿಸಿದವಳು ಅವಳೇ. "ಹುಡುಗನ ತಲಿ ಬೋಳಸ್ತಾರಂತಲ್ಲೋ, ಮನ್ಯಾಗ ಹಿರ್ಯಾರು ಜೀವಂತ ಇರಬೇಕಾದ್ರ," ಎಂದು ಒಮ್ಮೆ ಅಂದು, ಆಮೇಲೆ ದನಿ ತಗ್ಗಿಸಿ, "ಕೊರಳಾಗಿನ ಲಿಂಗ ಮಾತ್ರ ತಗೀಬ್ಯಾಡಂತ ಹೇಳು. ಏನ ಮಾಡಸ್ತಾರ ಮಾಡಸ್ಲಿ, ಅದೊಂದು ಮೈಮ್ಯಾಲ ಇರ್ಲಿ," ಅಂದಳು. ಹೇಳುತ್ತೇನೆ ಅಂದ. ಹುಡುಗ ಪಕ್ಕದಲ್ಲೇ ಕೂತಿದ್ದ, ಕಿಟಕಿಯ ಕಡೆ ಮುಖ ಮಾಡಿ. ಹೇಳಲಿಲ್ಲ. ಹೇಳಿದರೆ ಹುಡುಗ ತನ್ನ ಕೊರಳನ್ನೂ ನೋಡುತ್ತಾನೆ ಎಂಬ ಹೆದರಿಕೆ. ಮುರಿಗೆಪ್ಪನ ಲಿಂಗ ಈ ದೇಶಕ್ಕೆ ಬಂದ ಎರಡನೆಯ ವರ್ಷವೇ ಜಿಮ್ಮಿನ ನೆವದಲ್ಲಿ ಕೊರಳಿನಿಂದ ಇಳಿದು, ಬೆಳ್ಳಿಯ ಕರಡಿಗೆಯ ಸಮೇತ ಬೀರುವಿನ ಒಳಗೆ ಪಾಸ್‌ಪೋರ್ಟುಗಳ ಪಕ್ಕ ಸೇರಿತ್ತು. ಹುಡುಗನದು ಮಾತ್ರ ಎಂಟನೆಯ ವಯಸ್ಸಿನಲ್ಲಿ ಅಜ್ಜಿ ಕಟ್ಟಿಸಿದ್ದು, ಬಟ್ಟೆಯ ಪುಟ್ಟ ಗಂಟಿನಲ್ಲಿ, ಸ್ಕೂಲಿನ ಯೂನಿಫಾರ್ಮಿನ ಒಳಗೆ, ಈಜಿನ ತರಗತಿಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಯಾರ ಒತ್ತಾಯವೂ ಇಲ್ಲದೆ ಉಳಿದುಕೊಂಡಿತ್ತು.

ಹುಡುಗನಿಗೆ ಮೂರು ವರ್ಷವಿದ್ದಾಗ ಮುರಿಗೆಪ್ಪ ಮೂವರ ಹೆಸರಿನಲ್ಲೂ ಇಲ್ಲಿ ಕಾಯಂ ಆಗಿ ನೆಲೆಸಲು ಪಿಆರ್ ಅರ್ಜಿ ಹಾಕಿದ್ದ. ಗಂಡುಮಗುವಿನ ಹೆಸರು ಸೇರಿಸಿದರೆ ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಸೈನ್ಯದಲ್ಲಿರಬೇಕು. ಅರ್ಜಿ ಹಾಕಿದ ಅಪ್ಪನಿಗೆ ಆ ಕಟ್ಟುಪಾಡಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಕೆಳಗಿನ ಬ್ಲಾಕಿನ ಗಿರಿಧರ್ ಮಗನ ಹೆಸರು ಬಿಟ್ಟು ಅರ್ಜಿ ಹಾಕಿ, ಅವನನ್ನು ಸ್ಟೂಡೆಂಟ್ ಪಾಸಿನಲ್ಲೇ ಬೆಳೆಸಿ, ಹದಿನೇಳಕ್ಕೆ ಮಣಿಪಾಲಕ್ಕೆ ಕಳಿಸಿಬಿಟ್ಟ. ಮುರಿಗೆಪ್ಪ ಹದಿನೈದು ವರ್ಷ ಬಹಳ ದೂರ ಅಂದುಕೊಂಡು ಸಹಿ ಮಾಡಿದ. ಸಹಿ ಮಾಡುವಾಗ ಮಗು ಅವನ ತೊಡೆಯ ಮೇಲೆ ಕೂತು ಅದೇ ಪೆನ್ನಿಗೆ ಕೈ ಚಾಚುತ್ತಿತ್ತು. ಅಳಬಾರದೆಂದು ಇನ್ನೊಂದು ಪೆನ್ನು ಕೊಟ್ಟಿದ್ದ. ಕಳೆದ ವಾರ ಕಟ್ಟಡದ ಕೆಳಗಿನ ಖಾಲಿ ಜಾಗದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಸಿಕ್ಕ ಗಿರಿಧರ್ ಹೆಗಲ ಮೇಲೆ ಕೈ ಹಾಕಿ, "ಬಿಡಿ ಸಾರ್, ಯಾಕೆ ಡಲ್ ಆಗಿದೀರಾ. ಈಗಿನ ಹುಡುಗ್ರಿಗೆ ಡಿಸಿಪ್ಲಿನ್ ಬೇಕೇ ಬೇಕು. ನಮ್ಮೋನು ನೋಡಿ, ಹನ್ನೆರಡಕ್ಕೆ ಏಳ್ತಾನೆ," ಎಂದ. ಮುರಿಗೆಪ್ಪ ನಕ್ಕ. ನಗಬೇಕಾದ ಕಡೆ ನಗುವುದೂ ಅವನಿಗೆ ಬರುತ್ತದೆ.

ಪಾಸಿರ್ ರಿಸ್‌ನಲ್ಲಿ ಇಳಿದು, ಸೈನ್ಯದ ತರಬೇತಿಯ ದ್ವೀಪಕ್ಕೆ ದೋಣಿ ಹೊರಡುವ ಜೆಟ್ಟಿಗೆ ಹೋಗುವ ಬಸ್ಸಿನ ಸಾಲಿನಲ್ಲಿ ನಿಂತರು. ಸಾಲಿನ ತುಂಬ ಅಪ್ಪ, ಅಮ್ಮ, ಅಜ್ಜಿ, ನಡುವೆ ಒಬ್ಬೊಬ್ಬ ಹುಡುಗ. ಅರ್ಧ ಹುಡುಗರು ಆಗಲೇ ತಲೆ ಬೋಳಿಸಿಕೊಂಡು ಬಂದಿದ್ದರು, ಯಾರೋ ಬೋಳಿಸುವ ಮೊದಲು ತಾವೇ ಬೋಳಿಸಿಕೊಂಡೆವು ಎನ್ನುವ ಗೆಲುವಿನಲ್ಲಿ. ಬಸವಕಿರಣ ಹಾಗೆ ಮಾಡಿರಲಿಲ್ಲ. ಸುಪ್ರಿಯಾ ಮಗನ ಕಾಲರು ಸರಿಮಾಡಿದಳು. ಅವನು ಬೇಡ ಅನ್ನಲಿಲ್ಲ, ಬೇರೆ ದಿನವಾದರೆ ಅನ್ನುತ್ತಿದ್ದ. ಅವನ ಈ ಸುಮ್ಮನಿರುವಿಕೆ ಎಲ್ಲಿಂದ ಬಂತು ಎಂದು ಮುರಿಗೆಪ್ಪನಿಗೆ ಗೊತ್ತು. ಒಂದು ಕಂದುಬಣ್ಣದ ರಟ್ಟಿನ ನೋಟ್‌ಬುಕ್ಕಿನಿಂದ ಬಂತು.

ಮುರಿಗೆಪ್ಪ ಧಾರವಾಡದಲ್ಲಿ ಎಂ.ಎ. ಓದುವಾಗ ಬರೆದ ಟಿಪ್ಪಣಿಗಳವು. ಲೈಬ್ರರಿಯಲ್ಲಿ ಯಾರೂ ಮುಟ್ಟದ ಒಂದು ಮೂಲೆಯಲ್ಲಿ ಸಿಕ್ಕಿದ ಹೆಸರು, ಪೇತ್ರ್ ಖೆಲ್ಚಿಟ್ಸ್ಕಿ. ಆರುನೂರು ವರ್ಷದ ಹಿಂದೆ ಬೊಹೀಮಿಯಾ ದೇಶದ ಹಳ್ಳಿಯೊಂದರಲ್ಲಿದ್ದವನು. ರೈತನೋ ಸಣ್ಣ ಜಮೀನುದಾರನೋ ಯಾರಿಗೂ ಖಚಿತವಿಲ್ಲ, ಲ್ಯಾಟಿನ್ ಅಷ್ಟಾಗಿ ಬರುತ್ತಿರಲಿಲ್ಲ, ತನ್ನ ಊರಿನ ಮಾತಿನಲ್ಲೇ ಬರೆದ. ಚರ್ಚು ರಾಜನ ಕೈ ಹಿಡಿದ ದಿನವೇ ಅದಕ್ಕೆ ವಿಷವೇರಿತು ಅಂದ, ದೇವರ ಹೆಸರಿನಲ್ಲೂ ಕೊಲ್ಲಕೂಡದು ಅಂದ, ಆಣೆ ಇಡಕೂಡದು ಅಂದ. ಹೆಸರು ಹೇಳುವಾಗ ನಾಲಿಗೆ ತೊಡರುತ್ತಿತ್ತಾದ್ದರಿಂದ ಟಿಪ್ಪಣಿಯಲ್ಲಿ ಮುರಿಗೆಪ್ಪ ಬರೀ ಪೇತರ ಎಂದು ಬರೆದುಕೊಂಡಿದ್ದ. ಹಾಸ್ಟೆಲಿನಲ್ಲಿ ಅವನಿಗೇ ಪೇತಪ್ಪ ಎಂದು ಹೆಸರು ಬಿತ್ತು. ಊಟದ ಸಾಲಿನಲ್ಲಿ ಹಿಂದಿನಿಂದ ತಲೆಗೆ ತಟ್ಟಿ, ಇನ್ನೊಂದು ಕೆನ್ನೆ ಕೊಡೋ ಪೇತಪ್ಪ, ಅನ್ನುತ್ತಿದ್ದರು. ಅವನು ತಟ್ಟೆ ಹಿಡಿದು ನಗುತ್ತಿದ್ದ. ಆ ಹೆಸರಿನ ಮೇಲೆ ಮಾಡಬೇಕಿದ್ದ ಪಿಎಚ್.ಡಿ. ಆಗಲಿಲ್ಲ, ಕಂಪ್ಯೂಟರ್ ಕೋರ್ಸು ಆಯಿತು, ನೋಟ್‌ಬುಕ್ಕು ಮಾತ್ರ ಪೆಟ್ಟಿಗೆಯ ತಳದಲ್ಲಿ ಸಮುದ್ರ ದಾಟಿ ಬಂತು. ಕಳೆದ ವರ್ಷ ಬಸವಕಿರಣ ಅದನ್ನು ಹುಡುಕಿ ತೆಗೆದು, ಅಜ್ಜಿ ಕಲಿಸಿದ ಅಕ್ಷರಗಳ ಬಲದಿಂದ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದ. ಒತ್ತಕ್ಷರ ತಿಳಿಯದಿದ್ದಾಗ ಬಂದು ಕೇಳುತ್ತಿದ್ದ. ಕನ್ನಡ ಸಂಘದ ಊಟದಲ್ಲಿ ಮುರಿಗೆಪ್ಪ ಈ ವಿಷಯವನ್ನು ನಾಲ್ಕು ಜನಕ್ಕೆ ಹೇಳಿಕೊಂಡಿದ್ದ: ಇಲ್ಲೇ ಬೆಳೆದವನು, ನನ್ನ ಕೈಬರಹ ಓದುತ್ತಾನೆ. ಓದಿದ್ದು ಹುಡುಗನ ಒಳಗೆ ಎಲ್ಲಿ ಹೋಗಿ ಕೂರುತ್ತಿದೆ ಎಂದು ಆಗ ಯೋಚಿಸಲಿಲ್ಲ. ಅಕ್ಷರ ಬಂತಲ್ಲ ಎಂಬ ಹಿಗ್ಗು.

ದೋಣಿ ಹೊರಟಾಗ ಸುಪ್ರಿಯಾ ಕಿಟಕಿಯ ಪಕ್ಕ ಕೂತಳು. ನೀರು ಬೂದುಬಣ್ಣಕ್ಕಿತ್ತು. ಎದುರಿನ ಸೀಟಿನ ತಾಯಿ, ಮೊದಲ ಮಗನೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಒಬ್ಬನೇ ಎಂದಳು ಸುಪ್ರಿಯಾ. ಆಯಮ್ಮ ಸುಪ್ರಿಯಾಳ ಮೊಣಕಾಲು ತಟ್ಟಿ, ತನಗೆ ಇದು ಮೂರನೆಯವನು, ದಪ್ಪಗಿದ್ದವರೆಲ್ಲ ಸಣ್ಣಗಾಗಿ ಬಂದರು ಎಂದು ನಕ್ಕಳು. ಮುರಿಗೆಪ್ಪ ಮಗನ ಕೈಗಳನ್ನು ನೋಡುತ್ತಿದ್ದ. ಬೆರಳುಗಳು ಉದ್ದ. ಬಿಶಾನ್ ಪಾರ್ಕಿನ ನದಿಯ ದಂಡೆಯಲ್ಲಿ, ಎರಡು ತಿಂಗಳ ಹಿಂದೆ, ಇದೇ ಬೆರಳುಗಳಿಂದ ಹುಲ್ಲು ಕೀಳುತ್ತ ಅವನು ಕೇಳಿದ್ದ. ನೀರುನಾಯಿಗಳು ಬಂದಿದ್ದವು, ಜನ ಫೋನು ಹಿಡಿದು ದಂಡೆಗುಂಟ ಓಡುತ್ತಿದ್ದರು, ಇವರಿಬ್ಬರು ಮಾತ್ರ ಎದ್ದಿರಲಿಲ್ಲ.

"ಅಪ್ಪ, ಅವನು ಹೇಳಿದ್ದು ಕರೆಕ್ಟ್ ಅಂತ ನೀವು ನಂಬ್ತೀರಾ?"

ಅದು ಆರುನೂರು ವರ್ಷದ ಹಿಂದಿನ ಮಾತು, ಆಗಿನ ಪರಿಸ್ಥಿತಿ ಬೇರೆ ಎಂದಿದ್ದ ಮುರಿಗೆಪ್ಪ.

"ಅದು ಆನ್ಸರ್ ಅಲ್ಲ ಲಾ." ಇಲ್ಲಿಯವರಂತೆ ಮಾತಿನ ತುದಿಗೆ ಲಾ ಸೇರಿಸುವುದು ಅವನ ರೂಢಿ. ಹುಡುಗ ಇನ್ನೊಂದು ಹುಲ್ಲು ಕಿತ್ತು, "ಆರ್ಮಿಗೆ ಆಗಲ್ಲ ಅಂತ ನಾನು ಹೇಳಿದ್ರೆ? ಡಿಟೆನ್ಶನ್‌ಗೆ ಹಾಕ್ತಾರೆ, ಆರ್ಮಿ ಜೈಲು, ಗೊತ್ತು. ನಾನು ಓದ್ಕೊಂಡಿದೀನಿ. ನನಗೆ ಭಯ ಇಲ್ಲ ಅಂತಲ್ಲ. ಆದ್ರೆ ಅದು ಮಾಡಬಹುದು ಅನಿಸುತ್ತೆ. ಇನ್ನೊಂದು ಮಾಡಕ್ಕೆ ಆಗಲ್ಲ ಅನಿಸುತ್ತೆ. ನೀವು ಏನ್ ಹೇಳ್ತೀರೋ ಅದು," ಎಂದ.

ನೀವು ಏನು ಹೇಳುತ್ತೀರೋ ಅದು. ಆ ಒಂದು ಗಳಿಗೆಯಲ್ಲಿ ಮುರಿಗೆಪ್ಪನ ತಲೆಯಲ್ಲಿ ಮಗನಿಗೆ ಮುಂಚೆ ಬಂದದ್ದು ರೀ-ಎಂಟ್ರಿ ಪರ್ಮಿಟ್ಟು. ಇಲ್ಲಿನ ನೆಲೆ ಉಳಿಸಿಕೊಳ್ಳಲು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಆ ಕಾಗದ ಬರುವ ವರ್ಷ ಮುಗಿಯುತ್ತಿತ್ತು. ಮಗ ಸೈನ್ಯಕ್ಕೆ ಹೋಗದ ಮನೆಯವರ ಕಾಗದವನ್ನು ಯಾರು ಸುಲಭವಾಗಿ ನವೀಕರಿಸುತ್ತಾರೆ. ಅವನಿಗೆ ಐವತ್ತೊಂದು. ತಂಡದಲ್ಲಿ ತನ್ನ ಅರ್ಧ ವಯಸ್ಸಿನವರು ಮೀಟಿಂಗಿನಲ್ಲಿ ಅವನ ಮಾತು ಮುಗಿಯುವ ಮೊದಲೇ ಲ್ಯಾಪ್‌ಟಾಪು ಮುಚ್ಚುತ್ತಾರೆ. ಇಲ್ಲಿಂದ ಎದ್ದರೆ ಇನ್ನೊಂದು ಕಡೆ ಕೂರಲು ಜಾಗ ಸಿಗುವುದಿಲ್ಲ. ಇದನ್ನೆಲ್ಲ ಹದಿನೆಂಟರ ಹುಡುಗನ ಮುಂದೆ ಹೇಳುವುದು ಹೇಗೆ, ಪೇತರನ ಬಗ್ಗೆ ನೂರಿಪ್ಪತ್ತು ಪುಟ ಬರೆದವನು? ಒಂದು ನೀರುನಾಯಿ ಮೀನು ಕಚ್ಚಿಕೊಂಡು ಎದ್ದಿತು, ಜನ ಓ ಎಂದರು. ಅವನು, "ನಿಮ್ಮಮ್ಮ ತಡ್ಕೊಳಲ್ಲ ಕಣೋ," ಎಂದುಬಿಟ್ಟ. ಹುಡುಗ ಹುಲ್ಲು ಕೀಳುವುದನ್ನು ನಿಲ್ಲಿಸಿದ. "ಓಕೆ," ಅಂದ. ಆಮೇಲೆ ಆ ಮಾತು ಎತ್ತಲಿಲ್ಲ.

ಮೂರು ದಿನ ಬಿಟ್ಟು ಸುಪ್ರಿಯಾ ರೊಟ್ಟಿಯ ಹಿಟ್ಟು ನಾದುತ್ತ, ತಲೆ ಎತ್ತದೆ ಹೇಳಿದ್ದಳು. ಮಗ ರಾತ್ರಿ ಊಟ ಅರ್ಧಕ್ಕೇ ಬಿಡುವುದನ್ನು, ಸೈನ್ಯದಿಂದ ಬಂದ ಕಾಗದಗಳನ್ನು ಮಗುಚಿ ಇಡುವುದನ್ನು ಅವಳು ನೋಡಿದ್ದಳು. "ಅಂವಗ ಮನಸ್ಸಿಲ್ರಿ. ಬ್ಯಾಡಂದ್ರ ಬ್ಯಾಡ, ಹೋಗೂಣು ನಡೀರಿ. ಮತ್ತ ಈ ದೇಶಕ್ಕ ಕಾಲಿಡಾಕ ಬರಂಗಿಲ್ಲ, ಅಷ್ಟ ಹೌದಲ್ಲ? ಇಡೂದು ಬ್ಯಾಡ. ಹುಬ್ಬಳ್ಯಾಗ ಟ್ಯೂಶನ್ ಹೇಳ್ಕೊಂಡು ನಾ ಮನಿ ನಡಸ್ತೀನಿ." ಹಿಟ್ಟಿನ ಕೈಯಿಂದಲೇ ಕಣ್ಣ ಮೇಲಿನ ಕೂದಲು ಸರಿಸಿ, "ನೀವ ಹೇಳ್ರಿ ಅವಗ. ನಾ ಹೇಳಾಕ ಹೋದ್ರ ಅಳು ಬರ್ತೈತಿ, ಅಂವ ನನ್ನ ಅಳು ನೋಡಿ ಹೋಗ್ತೀನಂತ ನಿಂತ್ಕೋತಾನ," ಎಂದಳು. ಆಯಿತು ಅಂದ. ಮರುದಿನ ಆಫೀಸಿನಿಂದ ಬಂದು, ಮಾತಾಡಿದೆ, ಹುಡುಗ ಹೋಗುತ್ತೇನೆ ಅಂತಲೇ ಅಂದ, ಎಂದ ಮುರಿಗೆಪ್ಪ. ಎಷ್ಟು ಸಲೀಸಾಗಿ ಬಂತು ಆ ವಾಕ್ಯ. ಚಪ್ಪಲಿ ಬಿಡುವಾಗ, ಒಂದು ಕಾಲಿನ ಮೇಲೆ ನಿಂತು ಹೇಳಿದ್ದು.

ದ್ವೀಪದಲ್ಲಿ ಹುಡುಗರನ್ನು ಒಂದು ಕಡೆ, ಮನೆಯವರನ್ನು ಒಂದು ಕಡೆ ಮಾಡಿದರು. ಎಲ್ಲವೂ ಅಚ್ಚುಕಟ್ಟಾಗಿತ್ತು, ಎಲ್ಲರೂ ಮರ್ಯಾದೆಯಿಂದ ಮಾತಾಡಿದರು. ಕೋಪ ಮಾಡಿಕೊಳ್ಳಲು ಏನಾದರೂ ಸಿಕ್ಕೀತೆಂದು ಮುರಿಗೆಪ್ಪ ನೋಡಿದ, ಸಿಗಲಿಲ್ಲ. ಮಲಗುವ ಕೋಣೆ ತೋರಿಸಿದರು, ಎಳೆದು ಬಿಗಿದ ಹಾಸಿಗೆಗಳು. ತಾಯಂದಿರು ಕೈಯಿಂದ ಒತ್ತಿ ನೋಡಿದರು. ಒಂದು ಮೇಜಿನ ಮೇಲೆ ಹುಡುಗರಿಗೆ ಕೊಡುವ ಸಾಮಾನುಗಳನ್ನು ಜೋಡಿಸಿಟ್ಟಿದ್ದರು: ಬೂಟು, ಹೆಲ್ಮೆಟ್ಟು, ನೀರಿನ ಬಾಟಲಿ, ಸಾಕ್ಸು. ಬಂದೂಕು ಆ ಮೇಜಿನ ಮೇಲಿರಲಿಲ್ಲ. ಅದು ಇಲ್ಲವೆಂದು ತನಗೆ ಸಮಾಧಾನವಾದದ್ದನ್ನು ಗಮನಿಸಿ ಅವನಿಗೆ ನಾಚಿಕೆಯಾಯಿತು. ಒಬ್ಬ ಎಳೆಯ ಅಧಿಕಾರಿ ಪ್ರಶ್ನೆಗಳಿವೆಯೇ ಎಂದು ಕೇಳಿದ. ಮುಂದಿನ ಸಾಲಿನ ತಂದೆ ಸೊಳ್ಳೆಯ ಬಗ್ಗೆ ಕೇಳಿದ. ಸುಪ್ರಿಯಾ ಗಂಡನನ್ನು ತಿವಿದು, ಸಸ್ಯಾಹಾರದ ಬಗ್ಗೆ ಕೇಳಿ ಅಂದಳು. ಅವನು ಕೈ ಎತ್ತಿದ. ಎತ್ತಿದ ಕೈ ಎಲ್ಲರ ಕಣ್ಣಿಗೆ ಬಿದ್ದು, ಅಧಿಕಾರಿ ಸರ್ ಎಂದು ಅವನ ಕಡೆ ತಿರುಗಿದಾಗ, ಬಾಯಿಗೆ ಬಂದದ್ದು ಬೇರೆಯದೇ ಪ್ರಶ್ನೆ. ಪೇತರನ ಪ್ರಶ್ನೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. "ವೆಜಿಟೇರಿಯನ್ ಫುಡ್," ಎಂದ. ಇದೆ ಸರ್, ಅರ್ಜಿಯಲ್ಲಿ ತುಂಬಿದ್ದರೆ ಸಾಕು, ಎಂದ ಅಧಿಕಾರಿ. ಅರ್ಜಿ ತುಂಬಿದ್ದವನು ಮುರಿಗೆಪ್ಪನೇ.

ಟಿಪ್ಪಣಿಯಲ್ಲಿ ಪೇತರನ ಆ ಪ್ರಶ್ನೆಯಿದ್ದ ಪುಟ ಅವನಿಗೆ ಬಾಯಿಪಾಠವಾಗಿತ್ತು. ಪ್ರಾಗ್ ನಗರದ ಮೇಲೆ ಶಿಲುಬೆ ಹೊತ್ತ ದಂಡು ಏರಿ ಬರುತ್ತಿದ್ದ ಕಾಲ. ಚರ್ಚನ್ನು ತಿದ್ದಬೇಕೆಂದವರನ್ನು ಚರ್ಚು ಸುಡುತ್ತಿತ್ತು, ತಿದ್ದಬೇಕೆಂದವರೂ ಈಗ ಕತ್ತಿ ಹಿಡಿಯುತ್ತಿದ್ದರು, ನಗರ ಉಳಿಯಬೇಕಲ್ಲ ಎಂದು. ಹಳ್ಳಿಯಿಂದ ಬಂದ ಪೇತರ ಅಲ್ಲಿನ ದೊಡ್ಡ ಗುರುವೊಬ್ಬರ ಹತ್ತಿರ ಹೋಗಿ ಕೇಳಿದ: ಕೊಲ್ಲಬಹುದೆಂದು ದೇವರ ಮಾತಿನಲ್ಲಿ ಎಲ್ಲಿದೆ, ತೋರಿಸಿ. ಗುರು ಒಳ್ಳೆಯವರು, ಓದಿದವರು. ದೇವರ ಮಾತಿನಲ್ಲಿ ಇಲ್ಲ, ಹಿಂದಿನ ಸಂತರು ಹಾಗೆ ಹೇಳಿದ್ದಾರೆ ಅಷ್ಟೇ, ಎಂದರು. ಇಪ್ಪತ್ತೆರಡರ ಮುರಿಗೆಪ್ಪ ಆ ಗುರುವಿನ ಬಗ್ಗೆ ಅಂಚಿನಲ್ಲಿ ಬರೆದ ಒಂದು ಸಾಲನ್ನು ಬಸವಕಿರಣ ಓದಲಾಗದೆ ತಂದು ತೋರಿಸಿದ್ದ, ಶಾಯಿ ಹರಡಿತ್ತು. ಮುರಿಗೆಪ್ಪನೇ ಓದಿ ಹೇಳಬೇಕಾಯಿತು: "ತನಗೆ ಹೆದರಿಕೆಯಾದಾಗ ಮನುಷ್ಯ ಇನ್ನೊಬ್ಬರ ಹೆಸರು ಹೇಳುತ್ತಾನೆ." ಸೂಪರ್ ಅಪ್ಪ, ಎಂದಿದ್ದ ಹುಡುಗ, ಇದು ನೀವೇ ಬರೆದಿದ್ದಾ?

ದೊಡ್ಡ ಹಾಲಿನಲ್ಲಿ ಹುಡುಗರು ಸಾಲಾಗಿ ನಿಂತು ಆಣೆ ಇಡಲು ಬಲಗೈ ಎತ್ತಿದರು. ಮುರಿಗೆಪ್ಪ ಹುಡುಕಿದ; ಐದನೆಯ ಸಾಲಿನಲ್ಲಿ ಆ ಬಾಚಿದ ಕೂದಲು ಸಿಕ್ಕಿತು. ಯಾರೋ ಮೈಕಿನಲ್ಲಿ ಒಂದು ತುಂಡು ಹೇಳುತ್ತಿದ್ದರು, ನೂರಾರು ಗಂಟಲುಗಳು ಅದನ್ನು ಹೇಳಿದವು. ಇಷ್ಟು ದೂರದಿಂದ ತುಟಿ ಕಾಣುವುದಿಲ್ಲ. ಹೇಳದೆ ಬರೀ ನಿಂತಿರಲಿ, ಯಾರಿಗೆ ಗೊತ್ತಾಗುತ್ತದೆ, ಎಂದು ಅವನು ಬೇಡಿಕೊಂಡ. ಆಮೇಲೆ, ಹುಡುಗ ತನ್ನ ಹಾಗಲ್ಲ, ಕೈ ಎತ್ತಿದ ಮೇಲೆ ಹೇಳಿಯೇ ಹೇಳುತ್ತಾನೆ, ಹೇಳಿದ ಮೇಲೆ ನಡೆಸಿಯೂ ನಡೆಸುತ್ತಾನೆ ಎಂಬುದು ಹೊಳೆಯಿತು. ಪಕ್ಕದಲ್ಲಿ ಸುಪ್ರಿಯಾ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು, ಅತ್ತೆಗೆ ಕಳಿಸಲು.

ಊಟಕ್ಕೆ ಹುಡುಗರನ್ನು ಮನೆಯವರ ಜೊತೆ ಬಿಟ್ಟರು. ಅನ್ನ, ಬೇಳೆ, ಎಲೆಕೋಸಿನ ಪಲ್ಯ, ಒಂದು ಬಾಳೆಹಣ್ಣು. ಚಲೋ ಐತಿ, ಉಪ್ಪು ಸ್ವಲ್ಪ ಕಮ್ಮಿ, ಎಂದು ಸುಪ್ರಿಯಾ ಮಗನ ತಟ್ಟೆಯಿಂದಲೇ ರುಚಿ ನೋಡಿ ಹೇಳಿದಳು. ನಿನ್ನ ಕೈ ಎಲೆಕೋಸಿಗಿಂತ ಬೆಟರ್ ಅಮ್ಮ, ಎಂದ ಹುಡುಗ. ಅವಳು ಅವನ ತಲೆಗೆ ಮೊಟಕಿದಳು, ಮೊಟಕಿದ ಕೈಯನ್ನು ಕೂದಲಲ್ಲೇ ಸ್ವಲ್ಪ ಹೊತ್ತು ಬಿಟ್ಟಳು. ಇನ್ನು ಹತ್ತು ನಿಮಿಷ ಎಂದು ಯಾರೋ ಹೇಳಿಹೋದರು. ಕೈ ತೊಳೆಯಲು ಎದ್ದುಹೋದವಳು ಬೇಗ ಬರಲಿಲ್ಲ. ಅಲ್ಲಿ ಅತ್ತು ಮುಖ ತೊಳೆದುಕೊಂಡು ಬರುತ್ತಾಳೆ ಎಂದು ಇಬ್ಬರಿಗೂ ಗೊತ್ತಾಯಿತು. ಈಗ, ಎಂದುಕೊಂಡ ಮುರಿಗೆಪ್ಪ. ಮೇಜಿನ ಮೇಲೆ ಮಗನ ಕೈ ಇತ್ತು, ತಾನು ಅದರ ಮೇಲೆ ಕೈ ಇಟ್ಟರೆ ಮಾತು ತಾನಾಗಿ ಬರಬಹುದು. ಹುಡುಗ ಆ ಕೈಯನ್ನು ಎತ್ತಿ, ಅಂಗಿಯ ಮೊದಲ ಗುಂಡಿ ಬಿಚ್ಚಿ, ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದ. ಬಟ್ಟೆಯ ಪುಟ್ಟ ಗಂಟು, ಹತ್ತು ವರ್ಷದ ಬೆವರಿಗೆ ಬಣ್ಣ ಕಳೆದುಕೊಂಡದ್ದು.

"ಇದು ನಿಮ್ಮ ಹತ್ರ ಇರ್ಲಿ ಅಪ್ಪ. ಬೇಕಾದ್ರೆ ಇಟ್ಕೊಳಬಹುದು ಅಂದ್ರು, ನಾನು ಕೇಳಿದೆ. ಆದ್ರೆ ಇದು ಹಾಕ್ಕೊಂಡು ಗನ್ ಹಿಡಿಯೋದು ನನಗೆ ಸರಿ ಅನಿಸ್ತಾ ಇಲ್ಲ. ಅಜ್ಜಿಗೆ ಹೇಳಬೇಡಿ."

ಮುರಿಗೆಪ್ಪ ತೆಗೆದುಕೊಂಡ. ಗಂಟು ಬೆಚ್ಚಗಿತ್ತು. ಅಜ್ಜಿ ಬೆಳಿಗ್ಗೆ ಇದರ ಬಗ್ಗೆಯೇ ಹೇಳಿದ್ದಳು ಎನ್ನಲು ಬಾಯಿ ತೆರೆದ.

"ಪರವಾಗಿಲ್ಲ ಲಾ," ಎಂದ ಹುಡುಗ, ಅಪ್ಪನ ಮುಖ ನೋಡಿ, ಅವನನ್ನೇ ಸಮಾಧಾನ ಮಾಡುವವನಂತೆ. "ಎರಡು ವರ್ಷ ತಾನೆ. ಅಮ್ಮನಿಗೋಸ್ಕರ ಅಲ್ವಾ, ಮಾಡಬಹುದು. ನೀವು ಅವತ್ತು ಹೇಳಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ನಾನು ನನ್ ಬಗ್ಗೆ ಮಾತ್ರ ಯೋಚಿಸ್ತಿದ್ದೆ."

ಸುಪ್ರಿಯಾ ಬರುತ್ತಿರುವುದು ಕಂಡಿತು, ಮುಖ ಒದ್ದೆಯಾಗಿತ್ತು, ನಗುತ್ತಿದ್ದಳು. ಆರು ಮೇಜುಗಳ ದೂರ. ಆಮೇಲೆ ನಾಲ್ಕು. ಮುರಿಗೆಪ್ಪ ಗಂಟನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, "ಬಾಳೆಹಣ್ಣು ತಿನ್ನೋ," ಎಂದ. ಹುಡುಗ ಸುಲಿದು ತಿಂದ, ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಇಟ್ಟ, ತಟ್ಟೆಯನ್ನು ತಾನೇ ಒಯ್ದು ಇಡಬೇಕಾದ ಜಾಗದಲ್ಲಿ ಇಟ್ಟು ಬಂದ. ಕರೆದಾಗ ಅಮ್ಮನನ್ನು ತಬ್ಬಿಕೊಂಡ. ಅಪ್ಪನನ್ನೂ ತಬ್ಬಿಕೊಂಡ. ಎದೆಗೆ ಎದೆ ತಾಗಿದಾಗ ಯಾವಾಗಲೂ ಒತ್ತುತ್ತಿದ್ದ ಆ ಸಣ್ಣ ಗಟ್ಟಿ ಗಂಟು ಈ ಸಲ ಒತ್ತಲಿಲ್ಲ. ಸಾಲು ತಿರುಗಿ ನಡೆಯಿತು. ಹಿಂದಿನಿಂದ ಎಲ್ಲ ಹುಡುಗರೂ ಒಂದೇ ಎತ್ತರ ಕಂಡರು.

ವಾಪಸು ದೋಣಿಯಲ್ಲಿ ಅರ್ಧ ಸೀಟುಗಳು ಖಾಲಿ. ಬೆಳಿಗ್ಗೆ ಮಾತಾಡಿಸಿದ ತಾಯಿ ಮೂಲೆಯಲ್ಲಿ ಕೂತು, ಮೂರನೆಯ ಮಗನಾದರೂ, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಸುಪ್ರಿಯಾ ವಿಡಿಯೋವನ್ನು ಎರಡು ಸಲ ನೋಡಿದಳು. ದ್ವೀಪ ಹಸಿರು ಗೆರೆಯಾಗಿ, ಆಮೇಲೆ ಬರೀ ಗೆರೆಯಾಗಿ ಹಿಂದೆ ಉಳಿಯಿತು. ಈ ಹೊತ್ತಿಗೆ ಕೂದಲು ನೆಲಕ್ಕೆ ಬಿದ್ದಿರುತ್ತದೆ. ಪೇತರ ಗುರುವಿನ ಉತ್ತರ ಕೇಳಿ, ನಗರ ಬಿಟ್ಟು ತನ್ನ ಹಳ್ಳಿಗೆ ಹೋದ. ಆ ಉತ್ತರ ಕೊಟ್ಟ ಗುರು ಆ ಸಂಜೆ ಏನು ಮಾಡಿದರು, ಊಟ ಮಾಡಿದರೇ, ಮಲಗಿದರೇ, ಬಾಗಿಲ ತನಕ ಹೋಗಿ ಹಿಂದೆ ಕರೆಯಬೇಕು ಅನಿಸಿತೇ, ಎಂದು ನೂರಿಪ್ಪತ್ತು ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ.

"ರೀ," ಎಂದಳು ಸುಪ್ರಿಯಾ, ನೀರು ನೋಡುತ್ತ. "ನಾ ಅಂದದ್ದು ಅಂವಗ ಹೇಳಿದ್ರಿ ಹೌದಲ್ಲ?"

"ಹ್ಞೂಂ."

"ಅಂದ್ರೂ ಹೋಗ್ತೀನಿ ಅಂದ?"

"ಅಂದ."

ಅವಳು ತಲೆಯಾಡಿಸಿದಳು. "ಗಟ್ಟಿ ಅದಾನ," ಎಂದಳು, "ನಾವಿಬ್ರೂ ಅಷ್ಟು ಗಟ್ಟಿ ಇಲ್ಲ." ಆಮೇಲೆ ಅವನ ತೋಳಿಗೆ ತಲೆ ಆನಿಸಿದಳು. ಜೇಬಿನ ಗಂಟು ಅವನ ತೊಡೆಗೆ ಒತ್ತುತ್ತಿತ್ತು. ಅವಳಿಗೆ ತಾಗದಂತೆ ಅವನು ಕಾಲು ಸರಿಸಿ ಕೂತ. ಜೆಟ್ಟಿ ಹತ್ತಿರ ಬಂತು. ಹಗ್ಗ ಎಸೆದರು, ಯಾರೋ ಹಿಡಿದರು.

ಅಮ್ಮ ಎಲ್ಲ ಬಿಟ್ಟು ಹೊರಡಲು ಸಿದ್ಧಳಿದ್ದಾಳೆ ಎಂದು ಮುರಿಗೆಪ್ಪ ಮಗನಿಗೆ ಹೇಳಿರಲಿಲ್ಲ.